ತಾತನ ಕೈಗೆ ಟಾರ್ಚ್, ಮೊಮ್ಮಗಳ ಕೈಗೆ ಸ್ಪ್ಯಾನರ್

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಸೋರುವ ನಲ್ಲಿ, ಕಿತ್ತುಹೋದ ಗುಂಡಿ, ಮೊಂಡಾದ ಚಾಕು, ಸೈಕಲ್ ಪಂಕ್ಚರ್, ಯಾವುದಕ್ಕೂ ಅವರು ಇನ್ನೊಬ್ಬರನ್ನು ಕರೆದವರಲ್ಲ. ನನಗೆ ಅದರಲ್ಲಿ ಅರ್ಧಂಬರ್ಧ ಬರುತ್ತದೆ. 16 ವರ್ಷದ ಮಗಳಿಗೆ ಸೂಜಿಗೆ ದಾರ ಪೋಣಿಸುವುದೂ ಬಾರದು. ಅವಳಿಗೆ ಕಲಿಯುವ ಆಸೆಯಿದೆ. ಆದರೆ ತಾತ ಹೇಳಿಕೊಡಲು ಕೂತರೆ ಐದು ನಿಮಿಷದಲ್ಲಿ ಸ್ಪ್ಯಾನರ್ ಕಿತ್ತುಕೊಂಡು ತಾವೇ ಮುಗಿಸಿಬಿಡುತ್ತಾರೆ. ಯಾವ ಕೆಲಸವನ್ನು, ಯಾವ ಕ್ರಮದಲ್ಲಿ, ಹೇಗೆ ಕಲಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ತುದಿಯಿಂದ ಶುರು ಮಾಡುತ್ತೇನೆ. ಕಲಿಕೆ ಕೆಡುವುದು ಅಲ್ಲೇ. ತಂದೆಯವರು ಸ್ಪ್ಯಾನರ್ ಕಿತ್ತುಕೊಳ್ಳುವುದಕ್ಕೆ ಅಸಹನೆಯೊಂದೇ ಕಾರಣವಲ್ಲ. ಐವತ್ತು ವರ್ಷ ಮಾಡಿದ ಕೆಲಸ ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಎಂದು ಕೇಳಿದರೆ ‘ಸಾಕಾಗುವಷ್ಟು’ ಅನ್ನುತ್ತಾರೆ. ಆ ‘ಸಾಕು’ ಅವರ ಮಣಿಕಟ್ಟಿನಲ್ಲಿದೆ. ಹೇಳಲು ಆಗದ್ದನ್ನು ಮಾಡಿ ತೋರಿಸುತ್ತಾರೆ, ತೋರಿಸುತ್ತಾ ತೋರಿಸುತ್ತಾ ಕೆಲಸ ಮುಗಿದೇ ಹೋಗುತ್ತದೆ.

ಇದಕ್ಕೆ ಮದ್ದು, ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಕಲಿಸುವುದು. ಮೊದಲ ಸಲ ತಾತ ಎಲ್ಲವನ್ನೂ ಮಾಡಲಿ, ಕೊನೆಯ ಒಂದು ಹೆಜ್ಜೆಯನ್ನು ಮಾತ್ರ ಮೊಮ್ಮಗಳಿಗೆ ಬಿಡಲಿ. ನಲ್ಲಿಯಾದರೆ ವಾಷರ್ ಹಾಕುವವರೆಗೆ ಅವರು, ತಲೆಭಾಗವನ್ನು ತಿರುಗಿಸಿ ಕೂಡಿಸಿ ನೀರು ಬಿಟ್ಟು ನೋಡುವುದು ಅವಳು. ಎರಡನೆಯ ಸಲ ಅವಳು ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಲಿ. ಮೂರನೆಯ ಸಲಕ್ಕೆ ಪೂರ್ತಿ ಕೆಲಸ ಅವಳದು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಅವಳ ಕೈಯಲ್ಲೇ. ಸೋರುವುದು ನಿಂತಿತು ಎಂಬ ಖುಷಿ ಅವಳಿಗೆ ಮೊದಲ ದಿನವೇ ಸಿಗುತ್ತದೆ. ಮೊದಲ ಹೆಜ್ಜೆಯಿಂದ ಕಲಿಸಿದರೆ ಅವಳು ಬರೀ ಬಿಚ್ಚುತ್ತಾಳೆ, ಜೋಡಿಸುವ ಹೊತ್ತಿಗೆ ಸಾಕಾಗಿರುತ್ತದೆ, ಅಷ್ಟರಲ್ಲಿ ತಾತನ ಕೈ ಬಂದಿರುತ್ತದೆ.

ಇನ್ನೊಂದು ಸಣ್ಣ ಉಪಾಯ: ಟಾರ್ಚ್ ಹಿಡಿಯುವ ಕೆಲಸವನ್ನು ತಾತನಿಗೆ ಕೊಡಿ. ಸಾಮಾನ್ಯವಾಗಿ ಮಕ್ಕಳು ಟಾರ್ಚ್ ಹಿಡಿಯುತ್ತಾರೆ, ಹಿರಿಯರು ಕೆಲಸ ಮಾಡುತ್ತಾರೆ. ಅದನ್ನು ತಿರುವುಮುರುವು ಮಾಡಿದರೆ ಅವರ ಕೈ ತುಂಬಿರುತ್ತದೆ, ಕಣ್ಣು ಕೆಲಸದ ಮೇಲೇ ಇರುತ್ತದೆ, ಮಾತಾಡುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಅವರು ಎಲ್ಲಾದರೂ ‘ನಿಲ್ಲು, ನಿಲ್ಲು’ ಎಂದರೆ ಅಲ್ಲೇ ಕೇಳಬೇಕು: ‘ಏನು ಕಂಡಿತು?’ ಹೆಜ್ಜೆಗಳನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾವ ಗುರುತು ನೋಡಿ ನಿಲ್ಲಿಸಬೇಕು ಎಂಬುದೇ ಅವರ ನಿಜವಾದ ಆಸ್ತಿ.

ಆದರೆ ಅವರು ಹೇಳಿದ್ದನ್ನೆಲ್ಲ ಹಾಗೇ ಒಪ್ಪಬೇಕಾಗಿಲ್ಲ. ಸಾಮಾನುಗಳು ಬದಲಾಗಿವೆ. ಹಳೆಯ ನಲ್ಲಿಯೊಳಗೆ ರಬ್ಬರ್ ವಾಷರ್ ಇತ್ತು, ಹೊಸದರಲ್ಲಿ ಸೆರಾಮಿಕ್ ಬಿಲ್ಲೆಗಳಿವೆ. ಹಳೆಯ ಚಾಕು ಕಾರ್ಬನ್ ಉಕ್ಕಿನದು, ಈಗಿನದು ಹೆಚ್ಚಾಗಿ ಸ್ಟೇನ್‌ಲೆಸ್. ತಾತನ ಹೆಜ್ಜೆಗಳು ಹಳತಾಗಬಹುದು, ಆ ಹೆಜ್ಜೆಯ ಹಿಂದಿನ ಕಾರಣ ಹಳತಾಗುವುದಿಲ್ಲ. ಆದ್ದರಿಂದ ಪ್ರತಿ ಕೆಲಸದಲ್ಲೂ ಕೆಟ್ಟದ್ದು ಯಾಕೆ ಕೆಟ್ಟಿತು ಎಂಬುದನ್ನು ಮೊದಲು ಹುಡುಕುವ ಅಭ್ಯಾಸ ಮಾಡಿಸಿ. ಮುಂದೆ ಅವಳ ಮನೆಗೆ ಬರುವ ನಲ್ಲಿ ಇನ್ನೂ ಬೇರೆ ಥರದ್ದಾಗಿರುತ್ತದೆ.

ಕ್ರಮ ಹೀಗಿರಲಿ: ಮೊದಲು ನಿಲ್ಲಿಸುವುದು, ಆಮೇಲೆ ತಿರುಪು ಕೂಡಿಸುವುದು, ಗುಂಡಿ ಹೊಲಿಯುವುದು, ನಲ್ಲಿ, ಪಂಕ್ಚರ್, ಕೊನೆಗೆ ಚಾಕು ಮಸೆಯುವುದು. ವಾರಕ್ಕೆ ಒಂದೇ ಕೆಲಸ, ಮುಕ್ಕಾಲು ಗಂಟೆ ಮೀರದಂತೆ. ಎರಡು ಮೂರು ವಾರ ಬಿಟ್ಟು ಅದೇ ಕೆಲಸವನ್ನು ಯಾರೂ ಪಕ್ಕದಲ್ಲಿಲ್ಲದೆ ಮತ್ತೊಮ್ಮೆ ಮಾಡಲಿ. ಮರೆತದ್ದೇನು ಎಂದು ಗೊತ್ತಾಗುವುದು ಆಗಲೇ. ಕಲಿಯಲು ಹಾಳಾದ ಸಾಮಾನನ್ನೇ ಕೊಡಿ: ಬಿಚ್ಚಿಟ್ಟ ಹಳೆಯ ನಲ್ಲಿ, ಹರಿದ ಅಂಗಿ, ತೂತಾದ ಟ್ಯೂಬು. ಕೆಟ್ಟರೂ ನಷ್ಟವಿಲ್ಲ ಎಂದು ಗೊತ್ತಿದ್ದರೆ ಕೈ ನಡುಗುವುದಿಲ್ಲ, ಹಿರಿಯರೂ ಗದರುವುದಿಲ್ಲ.

ನಿಲ್ಲಿಸುವುದು ಎಂದೆ. ಮನೆಗೆ ಬರುವ ನೀರು, ವಿದ್ಯುತ್ತು, ಗ್ಯಾಸು ಈ ಮೂರನ್ನು ಎಲ್ಲಿ ಬಂದ್ ಮಾಡಬೇಕು ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು, ಕತ್ತಲಲ್ಲೂ ಕೈ ಅಲ್ಲಿಗೆ ಹೋಗುವಷ್ಟು. ತಿರುಗಿಸುವ ಥರದ ಮುಖ್ಯ ವಾಲ್ವನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಅದು ಕಚ್ಚಿಕೊಳ್ಳುತ್ತದೆ. ಪೈಪು ಒಡೆದ ದಿನವೇ ಅದು ತಿರುಗದೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ಪೂರ್ತಿ ತೆರೆದು, ಆಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ತುದಿಯವರೆಗೆ ತೆರೆದು ಬಿಗಿಯಾಗಿ ಬಿಟ್ಟ ವಾಲ್ವು ಅಲ್ಲೇ ಕಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ಸ್ವಿಚ್ ಬೋರ್ಡಿನಲ್ಲಿ ವಿದ್ಯುತ್ ಸೋರಿಕೆ ಪತ್ತೆಹಚ್ಚುವ ಬ್ರೇಕರ್ ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯಿರುತ್ತದೆ. ಒತ್ತಿದರೆ ತಕ್ಷಣ ಕರೆಂಟು ಹೋಗಬೇಕು. ಹೋಗದಿದ್ದರೆ ಆ ಬ್ರೇಕರ್ ಯಾರ ಜೀವವನ್ನೂ ಕಾಯುವುದಿಲ್ಲ, ಎಲೆಕ್ಟ್ರಿಷಿಯನ್ನಿನಿಂದ ಬದಲಾಯಿಸಿಕೊಳ್ಳಬೇಕು.

ತಿರುಪು ಕೂಡಿಸುವುದನ್ನು ಬೇರೆ ಪಾಠವಾಗಿ ಹೇಳುವುದಕ್ಕೆ ಕಾರಣವಿದೆ. ನಲ್ಲಿ, ಸೈಕಲ್, ಬಾಟಲಿಯ ಮುಚ್ಚಳ, ಕುರ್ಚಿಯ ಕಾಲು, ಎಲ್ಲದರಲ್ಲೂ ಇರುವುದು ಅದೇ ಥ್ರೆಡ್, ಅಂದರೆ ಸುರುಳಿಯಾಗಿ ಕೊರೆದ ಗೀರು. ಹೊಸಬರು ಹಾಳು ಮಾಡುವುದೂ ಅದನ್ನೇ. ಸ್ಕ್ರೂ ಅಥವಾ ನಟ್ಟನ್ನು ತೂತಿಗೆ ಇಟ್ಟು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ ‘ಟಕ್’ ಎಂದು ಒಳಕ್ಕೆ ಇಳಿದಂತೆ ಬೆರಳಿಗೆ ತಿಳಿಯುತ್ತದೆ. ಎರಡು ಥ್ರೆಡ್‌ಗಳ ತುದಿಗಳು ಭೇಟಿಯಾದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಸೊಟ್ಟಗೆ ಹತ್ತುವ ಪ್ರಶ್ನೆಯೇ ಇಲ್ಲ. ಮೊದಲ ಎರಡು ಸುತ್ತು ಬರೀ ಬೆರಳಿನಲ್ಲಿ ಹೋಗಬೇಕು. ಅಲ್ಲೇ ಸ್ಪ್ಯಾನರ್ ಬೇಕೆನಿಸಿದರೆ ಅದು ಸೊಟ್ಟಗೆ ಹತ್ತಿದೆ, ಬಿಚ್ಚಿ ಮತ್ತೆ ಇಡಬೇಕು. ಪ್ಲಾಸ್ಟಿಕ್‌ನಲ್ಲಿ ಇದು ಇನ್ನೂ ಮುಖ್ಯ, ಒಮ್ಮೆ ತಪ್ಪಾಗಿ ಕೊರೆದರೆ ಆ ತೂತು ಮುಗಿದಂತೆ. ನಕ್ಷತ್ರ ತಲೆಯ ಸ್ಕ್ರೂಗಳು ಸವೆದುಹೋಗುವುದಕ್ಕೆ ಕಾರಣ ಬಹುಪಾಲು ಚಿಕ್ಕ ಅಳತೆಯ ಸ್ಕ್ರೂಡ್ರೈವರ್. ತಲೆಯ ಗುಳಿಯಲ್ಲಿ ಆಟವಿಲ್ಲದೆ ತುಂಬಿ ಕೂರುವ ಅಳತೆಯನ್ನೇ ಹುಡುಕಿ, ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಕೊಡಬೇಕು.

ಗುಂಡಿ ಹೊಲಿಯುವುದು ಸುಲಭ ಎಂದುಕೊಂಡು ಎಲ್ಲರೂ ಅದೇ ತಪ್ಪು ಮಾಡುತ್ತಾರೆ, ಗುಂಡಿಯನ್ನು ಬಟ್ಟೆಗೆ ಒತ್ತಿ ಹೊಲಿದುಬಿಡುತ್ತಾರೆ. ಗುಂಡಿ ಹಾಕಿದಾಗ ಅದರ ಕೆಳಗೆ ಇನ್ನೊಂದು ಪದರ ಬಟ್ಟೆ ಬಂದು ಕೂರಬೇಕಲ್ಲ? ಜಾಗವಿಲ್ಲದಿದ್ದರೆ ಆ ಪದರದ ಅಂಚು ದಾರವನ್ನು ಪ್ರತಿದಿನ ಉಜ್ಜುತ್ತದೆ, ಕೆಲವೇ ತಿಂಗಳಲ್ಲಿ ಕಡಿಯುತ್ತದೆ. ಗುಂಡಿಗೂ ಬಟ್ಟೆಗೂ ನಡುವೆ ದಾರದ ಸಣ್ಣ ಕುತ್ತಿಗೆ ಬೇಕು, ಮೇಲೆ ಬರುವ ಬಟ್ಟೆ ಎಷ್ಟು ದಪ್ಪವೋ ಅಷ್ಟೇ ಉದ್ದಕ್ಕೆ. ತೆಳು ಅಂಗಿಗೆ ಒಂದೆರಡು ಮಿಲಿಮೀಟರ್, ದಪ್ಪ ಕೋಟಿಗೆ ಮೂರಕ್ಕೂ ಹೆಚ್ಚು.

ಸುಮಾರು 60 ಸೆಂಟಿಮೀಟರ್ ದಾರ ಕತ್ತರಿಸಿ, ಸೂಜಿಗೆ ಪೋಣಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿ. ಇದಕ್ಕಿಂತ ಉದ್ದವಾದರೆ ಸಿಕ್ಕುಬೀಳುತ್ತದೆ. ಗುಂಡಿಯ ಮೇಲೆ ತೂತುಗಳ ನಡುವೆ ಒಂದು ಬೆಂಕಿಕಡ್ಡಿಯನ್ನು ಅಡ್ಡ ಇಟ್ಟು, ಅದರ ಮೇಲಿಂದಲೇ ದಾರ ಹಾಯಿಸಿ. ನಾಲ್ಕು ತೂತಿನ ಗುಂಡಿಗೆ ಪ್ರತಿ ಜೋಡಿಗೆ ಮೂರು ಸಲ ಸಾಕು. ಮುಗಿದ ಮೇಲೆ ಸೂಜಿಯನ್ನು ಬಟ್ಟೆಗೂ ಗುಂಡಿಗೂ ನಡುವೆ ಹೊರತೆಗೆದು, ಕಡ್ಡಿ ಎಳೆದುಹಾಕಿ, ಗುಂಡಿಯನ್ನು ಮೇಲಕ್ಕೆತ್ತಿ ಹಿಡಿಯಿರಿ. ಸಡಿಲವಾದ ದಾರವೆಲ್ಲ ಕೆಳಗೆ ಸೇರುತ್ತದೆ. ಅದರ ಸುತ್ತ ಐದಾರು ಸುತ್ತು ಬಿಗಿಯಾಗಿ ಸುತ್ತಿ, ಸೂಜಿಯನ್ನು ಹಿಂಬದಿಗೆ ಇಳಿಸಿ ಎರಡು ಗಂಟು ಹಾಕಿ. ಹಳೆಯ ಗುಂಡಿ ಬಟ್ಟೆಯ ಚೂರನ್ನೂ ಕಿತ್ತುಕೊಂಡು ಹೋಗಿದ್ದರೆ, ಹಿಂಬದಿಯಲ್ಲಿ ಬೆರಳುಗುರಿನಷ್ಟು ಬಟ್ಟೆಯ ತುಂಡನ್ನೋ ಸಣ್ಣ ಗುಂಡಿಯನ್ನೋ ಇಟ್ಟು ಎರಡನ್ನೂ ಸೇರಿಸಿ ಹೊಲಿಯಿರಿ. ಹೊಲಿಗೆ ಬಿಟ್ಟುಕೊಂಡ ಬಟ್ಟೆಗೂ ಇದೇ ಸೂಜಿ ದಾರ ಸಾಕು: ಮುಂದೆ ಒಂದು ಹೆಜ್ಜೆ ಹಾಕಿ ಅರ್ಧ ಹೆಜ್ಜೆ ಹಿಂದಕ್ಕೆ ಚುಚ್ಚುವ ಹಿಂಹೊಲಿಗೆ, ಬಿಟ್ಟ ಜಾಗದ ಎರಡೂ ಕಡೆ ಗಟ್ಟಿಯಿರುವ ಹಳೆಯ ಹೊಲಿಗೆಯ ಮೇಲೆ ಎರಡು ಸೆಂಟಿಮೀಟರ್ ಹತ್ತಿಸಿ. ಬಿಟ್ಟಷ್ಟೇ ಜಾಗ ಹೊಲಿದರೆ ಮುಂದಿನ ತಿಂಗಳು ಅದರ ಪಕ್ಕದಲ್ಲಿ ಬಿಡುತ್ತದೆ.

ಈಗ ನಲ್ಲಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ತಲೆಮಾರುಗಳ ನಡುವಿನ ಜಗಳ ಹೆಚ್ಚಾಗಿ ನಡೆಯುವುದು ಇದರ ಸುತ್ತಲೇ. ‘ಗಟ್ಟಿಯಾಗಿ ತಿರುಗಿಸು’ ಎನ್ನುವುದು ಹಿರಿಯರ ಅಭ್ಯಾಸ. ರಬ್ಬರ್ ವಾಷರಿನ ನಲ್ಲಿಯಲ್ಲಿ ಅದು ಒಂದೆರಡು ವಾರ ಸೋರಿಕೆಯನ್ನು ಮರೆಮಾಚುತ್ತದೆ, ಜೊತೆಗೆ ವಾಷರನ್ನು ಕತ್ತರಿಸುತ್ತದೆ. ಕಾಲು ಸುತ್ತಿಗೆ ನಿಲ್ಲುವ ಸೆರಾಮಿಕ್ ನಲ್ಲಿಯಲ್ಲಿ ಬಿಗಿ ಮಾಡಿ ಉಪಯೋಗವೇ ಇಲ್ಲ. ಒಳಗೆ ಎರಡು ನುಣುಪಾದ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ, ನಡುವೆ ಮರಳಿನ ಕಣ ಸಿಕ್ಕಿದರೆ ಗೀರು ಬಿದ್ದು ಸೋರುತ್ತದೆ. ಅದಕ್ಕೆ ವಾಷರ್ ಇಲ್ಲ. ಒಳಗಿನ ಇಡೀ ಕಾರ್ಟ್ರಿಜ್ ತೆಗೆದು ತೊಳೆದು ನೋಡಬೇಕು, ಇಲ್ಲವೇ ಅದೇ ಅಳತೆಯದನ್ನು ತಂದು ಹಾಕಬೇಕು. ಹಾಗಾಗಿ ಮೊದಲು ಎಣಿಸಿ: ತೆರೆಯಲು ಹಲವು ಸುತ್ತು ಬೇಕೇ, ಕಾಲು ಸುತ್ತು ಸಾಕೇ? ಎರಡನೆಯದು, ಸೋರುವುದು ಎಲ್ಲಿಂದ? ಮೂತಿಯಿಂದ ಹನಿಯುತ್ತಿದ್ದರೆ ವಾಷರ್ ಅಥವಾ ಅದು ಕೂರುವ ಪೀಠ ಕೆಟ್ಟಿದೆ. ಹಿಡಿಯ ಬುಡದಿಂದ ಬರುತ್ತಿದ್ದರೆ ವಾಷರಿಗೆ ಸಂಬಂಧವೇ ಇಲ್ಲ, ದಂಡದ ಸುತ್ತಲಿನ ಪ್ಯಾಕಿಂಗ್ ಅಥವಾ ಓ-ರಿಂಗ್ ಎಂಬ ರಬ್ಬರ್ ಬಳೆ ಸವೆದಿದೆ. ಹನಿಯನ್ನು ಹಗುರವಾಗಿ ನೋಡಬೇಡಿ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಾಲ್ಕು ಲೀಟರಿಗೆ ಮೇಲಾಯಿತು.

ವಾಷರ್ ಬದಲಿಸುವಾಗ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಹೋಗಲು ಬಿಡಿ. ಕೆಳಗಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಸಣ್ಣ ಸ್ಕ್ರೂ ಬಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತದೆ. ಹಿಡಿ ತೆಗೆದ ಮೇಲೆ ತಲೆಭಾಗದ ಆರು ಮೂಲೆಗೆ ಸ್ಪ್ಯಾನರ್ ಕೂಡಿಸಿ ಎಡಕ್ಕೆ ತಿರುಗಿಸಬೇಕು. ಆಗ ಇನ್ನೊಂದು ಕೈ ನಲ್ಲಿಯ ಒಡಲನ್ನು ಗಟ್ಟಿಯಾಗಿ ಹಿಡಿದಿರಬೇಕು. ಹಿಡಿಯದಿದ್ದರೆ ಗೋಡೆಯೊಳಗಿನ ಪೈಪಿನ ಜೋಡಣೆ ತಿರುಚಿ, ಹನಿಯುತ್ತಿದ್ದ ನಲ್ಲಿ ಹೋಗಿ ಒದ್ದೆಯಾದ ಗೋಡೆ ಬರುತ್ತದೆ. ಬಿಚ್ಚುವಾಗಲೂ ಕೂಡಿಸುವಾಗಲೂ ನಲ್ಲಿ ತೆರೆದ ಸ್ಥಿತಿಯಲ್ಲೇ ಇರಲಿ. ಮುಚ್ಚಿದ ಸ್ಥಿತಿಯಲ್ಲಿ ಬಿಗಿದರೆ ತಲೆಭಾಗ ಪೂರ್ತಿ ಕೂರುವ ಮೊದಲೇ ಹೊಸ ವಾಷರ್ ಪೀಠಕ್ಕೆ ಒತ್ತಿ ಜಜ್ಜಿಹೋಗುತ್ತದೆ. ಬಹಳ ಜನರಿಗೆ ಗೊತ್ತಿಲ್ಲದ್ದು ಇದೇ.

ಹಳೆಯ ವಾಷರಿನ ಮೇಲೆ ಉಂಗುರದಂತೆ ಗುಳಿ ಬಿದ್ದಿರುತ್ತದೆ. ಅದನ್ನೇ ಅಳತೆಗೆ ಇಟ್ಟುಕೊಳ್ಳಿ. ಹೊಸದು ಹಾಕುವ ಮುನ್ನ ಕಿರುಬೆರಳನ್ನು ಒಳಗಿಳಿಸಿ ಪೀಠದ ಅಂಚನ್ನು ಸುತ್ತ ಸವರಿ. ನುಣುಪಾಗಿದ್ದರೆ ಸರಿ. ಎಲ್ಲಾದರೂ ತಡೆದಂತಾದರೆ ಪೀಠ ತಿಂದುಹೋಗಿದೆ, ಅದನ್ನು ಉಜ್ಜಿ ಸಮ ಮಾಡುವ ಉಪಕರಣ ಬೇಕು. ಹಾಗೇ ಬಿಟ್ಟರೆ ಹೊಸ ವಾಷರ್ ಬೇಗನೆ ಹರಿಯುತ್ತದೆ, ‘ವಾಷರೇ ಕಳಪೆ’ ಎಂದು ಬೈಗುಳ ಅದಕ್ಕೆ ಸಿಗುತ್ತದೆ. ಜೋಡಿಸಿದ ಮೇಲೆ ನಲ್ಲಿಯನ್ನು ಸ್ವಲ್ಪ ತೆರೆದಿಟ್ಟು ಮುಖ್ಯ ವಾಲ್ವನ್ನು ನಿಧಾನವಾಗಿ ತೆರೆಯಿರಿ, ಗಾಳಿ ಹೊರಹೋಗಲಿ. ಎರಡು ಬೆರಳಿನ ಬಲಕ್ಕೆ ನೀರು ನಿಂತರೆ ಕೆಲಸ ಸರಿಯಾಗಿದೆ.

ನೀರಿನ ಜೋಡಣೆಗೆ ಸುತ್ತುವ ಬಿಳಿ ಟೇಪಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಥ್ರೆಡ್ಡಿನ ತುದಿ ನಿಮ್ಮ ಮುಖಕ್ಕಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಎಳೆದು ಬಿಗಿಯಾಗಿ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿ ಮುದ್ದೆಯಾಗುತ್ತದೆ. ಟೇಪು ಬೇಕಾಗುವುದು ಥ್ರೆಡ್ಡೇ ನೀರನ್ನು ತಡೆಯಬೇಕಾದ ಕಡೆ ಮಾತ್ರ. ಬಾಗುವ ಪೈಪಿನ ನಟ್ಟಿನೊಳಗೆ ರಬ್ಬರ್ ಬಿಲ್ಲೆ ಇರುತ್ತದೆ, ನೀರು ತಡೆಯುವುದು ಆ ಬಿಲ್ಲೆ. ಅಲ್ಲಿ ಟೇಪು ಸುತ್ತಿದರೆ ನಟ್ಟು ಪೂರ್ತಿ ಕೂರದೆ ಬಿಲ್ಲೆ ಒತ್ತುವುದಿಲ್ಲ, ಸೋರಿಕೆ ನೀವೇ ತಂದುಕೊಂಡಂತೆ.

ಪಂಕ್ಚರಿನಲ್ಲಿ ಕಲಿಯಬೇಕಾದದ್ದು ಕಾಯುವುದನ್ನು. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬಂದ ಕಡೆ ಗುರುತು ಮಾಡಿ, ಒರೆಸಿ ಒಣಗಿಸಿ, ಪ್ಯಾಚ್‌ಗಿಂತ ಅಗಲವಾಗಿ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸಲ್ಯೂಷನ್ನನ್ನು ತೆಳುವಾಗಿ ಸವರಿ. ಇಲ್ಲಿಯವರೆಗೆ ಎಲ್ಲರೂ ಸರಿ. ಆಮೇಲೆ ಹಸಿಯಿರುವಾಗಲೇ ಪ್ಯಾಚ್ ಒತ್ತಿಬಿಡುತ್ತಾರೆ. ಸಲ್ಯೂಷನ್ನು ಅಂಟಿನಂತೆ ಒಣಗಿ ಹಿಡಿಯುವ ವಸ್ತುವಲ್ಲ. ಅದರ ದ್ರಾವಕ ಪೂರ್ತಿ ಆರಿಹೋದ ಮೇಲೆ, ಉಳಿದ ಪದರಕ್ಕೂ ಪ್ಯಾಚ್‌ನ ರಬ್ಬರಿಗೂ ಬೆಸುಗೆಯಾಗುತ್ತದೆ. ಹೊಳಪು ಹೋಗಿ ಮಂಕಾಗುವವರೆಗೆ ಸುಮಾರು ಐದು ನಿಮಿಷ ಬಿಡಬೇಕು, ಬೆರಳಿನಲ್ಲಿ ಮುಟ್ಟಿ ನೋಡಬಾರದು. ಪ್ಯಾಚನ್ನು ನಡುವಿನಿಂದ ಅಂಚಿಗೆ ಒತ್ತಿ.

ತೂತಿನ ಜಾಗವೇ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದೇ ತೂತಾದರೆ ಮುಳ್ಳೋ ಗಾಜೋ ಇನ್ನೂ ಟೈರಿನಲ್ಲೇ ಇರಬಹುದು. ಬರಿಗೈಯಲ್ಲಿ ಹುಡುಕದೆ ಬಟ್ಟೆಯನ್ನು ಒಳಗೆ ಸುತ್ತ ಎಳೆಯಿರಿ, ಚುಚ್ಚುವ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಒಳಮೈಯಲ್ಲಾದರೆ ರಿಮ್ಮಿನ ಪಟ್ಟಿ ಸರಿದು ಚಕ್ರದ ಕಡ್ಡಿಯ ತುದಿ ತಾಗಿದೆ. ಅಕ್ಕಪಕ್ಕ ಎರಡು ಸಣ್ಣ ಸೀಳುಗಳಿದ್ದರೆ ಗಾಳಿ ಕಡಿಮೆಯಿದ್ದು ರಸ್ತೆಯ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಜಜ್ಜಿದೆ, ಟೈರಿನ ಪಕ್ಕದಲ್ಲಿ ಬರೆದ ಒತ್ತಡದಷ್ಟು ಗಾಳಿ ಇಟ್ಟುಕೊಳ್ಳುವುದೊಂದೇ ಪರಿಹಾರ. ಟೈರನ್ನು ವಾಪಸ್ ಕೂಡಿಸುವಾಗ ಕೊನೆಯ ಗೇಣನ್ನು ಹೆಬ್ಬೆರಳಿನಲ್ಲೇ ತಳ್ಳಬೇಕು. ಲಿವರ್ ಹಾಕಿದರೆ ಈಗ ತಾನೇ ಸರಿ ಮಾಡಿದ ಟ್ಯೂಬು ಮತ್ತೆ ಕಚ್ಚಿ ತೂತಾಗುತ್ತದೆ. ವಾಲ್ವಿನ ಎದುರು ದಿಕ್ಕಿನ ಅಂಚನ್ನು ರಿಮ್ಮಿನ ನಡುಗುಳಿಗೆ ಒತ್ತಿಕೊಂಡರೆ ಬೇಕಾದಷ್ಟು ಸಡಿಲ ಸಿಗುತ್ತದೆ.

ಚಾಕುವನ್ನು ಕೊನೆಗೆ ಇಟ್ಟದ್ದು ಅದು ಕಷ್ಟವೆಂದಲ್ಲ, ಅದಕ್ಕೆ ಬೆರಳಿನ ಸೂಕ್ಷ್ಮ ಬೇಕು. ತಾತನ ಸಾಣೆಕಲ್ಲನ್ನು ಮೊದಲು ನೋಡಿ. ವರ್ಷಗಟ್ಟಲೆ ಮಸೆದ ಕಲ್ಲು ನಡುವೆ ತಗ್ಗಾಗಿರುತ್ತದೆ, ಅದರ ಮೇಲೆ ಕೋನ ನಿಲ್ಲುವುದಿಲ್ಲ. ತಾತನ ಕೈ ಆ ತಗ್ಗಿಗೆ ಹೊಂದಿಕೊಂಡಿದೆ, ಮೊಮ್ಮಗಳ ಕೈ ಹೊಂದುವುದಿಲ್ಲ. ಸಮತಟ್ಟಾದ ಗಾಜಿನ ಮೇಲೆ ಒರಟು ಉಜ್ಜುಕಾಗದ ಅಂಟಿಸಿ ನೀರು ಹಾಕಿ ಕಲ್ಲನ್ನು ಉಜ್ಜಿ ಸಮ ಮಾಡಿಕೊಳ್ಳಿ. ಮನೆಬಳಕೆಗೆ ನುಣುಪಿನ ಸಂಖ್ಯೆ (ಗ್ರಿಟ್) 1000 ಇರುವ ಕಲ್ಲು ಸಾಕು.

ಕೋನ ಹಿಡಿಯಲು: ಚಾಕುವನ್ನು ಕಲ್ಲಿನ ಮೇಲೆ ನೇರವಾಗಿ ನಿಲ್ಲಿಸಿ, ಅದು 90 ಡಿಗ್ರಿ. ಅರ್ಧಕ್ಕೆ ಬಾಗಿಸಿದರೆ 45, ಮತ್ತೆ ಅರ್ಧಕ್ಕೆ ಬಾಗಿಸಿದರೆ 22ರ ಸುಮಾರು. ಅದಕ್ಕಿಂತ ತುಸು ಕೆಳಗೆ ಇಳಿಸಿದರೆ ಬೇಕಾದ 15ರಿಂದ 20 ಡಿಗ್ರಿ ಬಂತು. ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಹಚ್ಚಿ ನಾಲ್ಕು ಸಲ ಎಳೆದು ನೋಡಿ. ಬಣ್ಣ ತುದಿಯಲ್ಲಿ ಉಳಿದಿದ್ದರೆ ಕೋನ ಕಡಿಮೆಯಾಗಿದೆ, ತುದಿಯಲ್ಲಷ್ಟೇ ಹೋಗಿದ್ದರೆ ಹೆಚ್ಚಾಗಿದೆ. ಒಂದೇ ಬದಿಯನ್ನು ಮಸೆಯುತ್ತಾ ಹೋದರೆ ಎದುರು ಬದಿಯಲ್ಲಿ ಲೋಹದ ಸಣ್ಣ ಜುಂಗು ಎದ್ದು ನಿಲ್ಲುತ್ತದೆ. ಬೆರಳನ್ನು ಅಲಗಿನ ಬೆನ್ನಿನಿಂದ ಅಂಚಿನ ಆಚೆಗೆ ಸವರಿದರೆ ತರಿತರಿಯಾಗಿ ತಾಗುತ್ತದೆ, ಅಂಚಿನ ಉದ್ದಕ್ಕೆ ಮಾತ್ರ ಎಂದೂ ಸವರಬಾರದು. ಹಿಡಿಯಿಂದ ತುದಿಯವರೆಗೆ ಆ ಜುಂಗು ಬರುವ ಮೊದಲು ಬದಿ ಬದಲಿಸಿದರೆ ಎಷ್ಟು ಹೊತ್ತು ಮಸೆದರೂ ಹರಿತ ಬರುವುದಿಲ್ಲ. ಎರಡೂ ಬದಿ ಆದ ಮೇಲೆ ಭಾರ ಹಾಕದೆ ಹಗುರವಾಗಿ ಒಂದೊಂದೇ ಸಲ ಬದಿ ಬದಲಿಸಿ ಎಳೆದು ಜುಂಗನ್ನು ಕಳೆಯಬೇಕು. ಕಾಗದವನ್ನು ಎತ್ತಿ ಹಿಡಿದು ಕೊಯ್ದರೆ ತಡೆಯದೆ ಹೋಗಬೇಕು. ವೇಗವಾಗಿ ತಿರುಗುವ ಒಣ ಚಕ್ರಕ್ಕೆ ಕೊಡಬೇಡಿ. ಕಾರ್ಬನ್ ಉಕ್ಕಿನ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದರ್ಥ, ಅಲ್ಲಿ ಉಕ್ಕಿನ ಹದ ಇಳಿದು ಹರಿತ ನಿಲ್ಲುವುದಿಲ್ಲ.

ತಾತನಿಂದ ಕಲಿಯಬಾರದ್ದೂ ಎರಡಿವೆ, ಅವನ್ನು ಗೌರವದಿಂದಲೇ ತಡೆಯಿರಿ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಹಾಕುವುದು ಒಂದು. ಫ್ಯೂಸ್ ಇರುವುದು ಗೋಡೆಯೊಳಗಿನ ವೈರು ಬಿಸಿಯಾಗದಂತೆ ಕಾಪಾಡಲು. ತಂತಿ ದಪ್ಪವಾದರೆ ಸುಡುವುದು ಆ ವೈರೇ. ಇನ್ನೊಂದು, ಕಲೆ ಹೋಗಲೆಂದು ಬ್ಲೀಚಿಗೆ ಆ್ಯಸಿಡ್ ಬೆರೆಸುವುದು. ಅದರಿಂದ ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಗೋಡೆಯೊಳಗಿನ ವೈರಿಂಗ್, ಗ್ಯಾಸಿನ ಜೋಡಣೆ ಇವೆರಡನ್ನು ಯಾವ ವಯಸ್ಸಿನವರೂ ಮನೆಯಲ್ಲಿ ಕಲಿಯುವ ಪಟ್ಟಿಗೆ ಸೇರಿಸಬೇಡಿ.

ನಿಮ್ಮ ಪಾಲಿನ ಕೆಲಸ ನಡುವೆ ನಿಲ್ಲುವುದು. ಅರ್ಧ ಬರುವುದು ಇಲ್ಲಿ ಅನುಕೂಲವೇ, ತಂದೆಯವರು ಹೇಳದೆ ಬಿಟ್ಟದ್ದು ಎಲ್ಲಿ ಎಂದು ನಿಮಗೆ ಕಾಣುತ್ತದೆ. ಒಂದು ನೋಟ್‌ಬುಕ್ ಇಡಿ: ಯಾವ ನಲ್ಲಿಗೆ ಯಾವ ಅಳತೆಯ ವಾಷರ್, ಮುಖ್ಯ ವಾಲ್ವ್ ಎಲ್ಲಿದೆ, ಟೈರಿನ ಅಳತೆ, ಯಾವ ಬ್ರೇಕರ್ ಯಾವ ಕೋಣೆಗೆ, ಯಾವ ತಿಂಗಳು ಏನು ಬದಲಿಸಿದ್ದು. ಬಿಚ್ಚುವ ಪ್ರತಿ ಹಂತದಲ್ಲೂ ಮಗಳು ಫೋನಿನಲ್ಲಿ ಚಿತ್ರ ತೆಗೆಯಲಿ, ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಲಿ.

ಫೋನಿನ ಮಾತು ಬಂದದ್ದರಿಂದ ಒಂದು ಹೇಳಬೇಕು. ತಾತ ಫೋನಿನಲ್ಲಿ ಏನಾದರೂ ಕೇಳಿದಾಗ ಮಗಳು ಏನು ಮಾಡುತ್ತಾಳೆ ಎಂದು ಗಮನಿಸಿ. ಹೆಚ್ಚಿನ ಮಕ್ಕಳು ಫೋನನ್ನು ಕಿತ್ತುಕೊಂಡು ನಾಲ್ಕು ಸಲ ಒತ್ತಿ ‘ಆಯ್ತು’ ಎಂದು ವಾಪಸ್ ಕೊಡುತ್ತಾರೆ. ತಾತ ಸ್ಪ್ಯಾನರಿಗೆ ಮಾಡುವುದೂ ಅದನ್ನೇ. ಅವಳಿಗೂ ಇದೇ ನಿಯಮ ಹಾಕಿ: ಫೋನು ತಾತನ ಕೈಯಲ್ಲೇ ಇರಬೇಕು, ಅವಳ ಬೆರಳು ಪರದೆಯನ್ನು ಮುಟ್ಟಬಾರದು, ಕೊನೆಯ ಒತ್ತು ಅವರದೇ ಆಗಬೇಕು. ಈ ವಾರ ನಲ್ಲಿಯಾದರೆ ಮುಂದಿನ ವಾರ ಫೋನು ಎಂದು ಸರದಿ ಮಾಡಿಕೊಳ್ಳಿ.